ಮೊಲೆಯಲ್ಲಿ ಕೀವಾದರೆ ಮಗುವಿಗೆ ಹಾಲು ಕುಡಿಸಬಹುದೇ?

ಪ್ರಶ್ನೆ: ತಂಗಿಗೆ ಹೆರಿಗೆಯಾಗಿ ಮೂರು ವಾರ. ಬಾಣಂತನ ಕುಮಟೆಯ ನಮ್ಮ ಮನೆಯಲ್ಲೇ. ಐದು ದಿನದಿಂದ ಬಲಮೊಲೆ ಕೆಂಪಾಗಿ, ಮುಟ್ಟಲಾಗದಷ್ಟು ನೋವು. ಜ್ವರ ಮಾತ್ರೆಗೆ ಇಳಿದು ಮತ್ತೆ ಏರುತ್ತದೆ. ಮೀಯಿಸಲು ಬರುವವರು, ‘ಹಾಲು ಕಟ್ಟಿದೆ, ಬಿಸಿನೀರು ಹಾಕಿ ತಿಕ್ಕಿ, ಆ ಕೆಟ್ಟ ಹಾಲು ಮಗುವಿಗೆ ಬೇಡ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಕ್ಕಾ, ತಿಕ್ಕುವುದನ್ನು ಈಗಲೇ ನಿಲ್ಲಿಸಿ. ಹಾಲು ನಿಲ್ಲಿಸಬೇಡಿ. ತಡ ಮಾಡದೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬರೀ ಹಾಲು ಕಟ್ಟಿದ್ದರೆ ಒಂದೆರಡು ದಿನದಲ್ಲಿ ಹಗುರಾಗಬೇಕಿತ್ತು. ಮೊಲೆತೊಟ್ಟು ಬಿರಿದ ಜಾಗದಿಂದ ರೋಗಾಣು ಒಳಹೊಕ್ಕರೆ ಬಾವು ಬರುತ್ತದೆ. ಸರಿಯಾದ ಔಷಧಿ ಬೀಳದಿದ್ದರೆ ಅಲ್ಲೇ ಕೀವು ಕಟ್ಟುತ್ತದೆ. ಹೆರಿಗೆಯಾದ ಮೊದಲ 6 ವಾರದಲ್ಲಿ ಇದು ಜಾಸ್ತಿ.

ಬೆಳಕಿನಲ್ಲಿ ಒಮ್ಮೆ ಸರಿಯಾಗಿ ನೋಡಿ. ಕೆಂಪಾದ ಕಡೆ ಚರ್ಮ ಬಿಗಿದು ಹೊಳೆಯುತ್ತಿದೆಯಾ? ಮಗು ಕುಡಿದ ಮೇಲೂ ಗಂಟು ಹಾಗೇ ಇದೆಯಾ? ಮೆಲ್ಲಗೆ ಬೆರಳಿಟ್ಟರೆ ನೀರು ತುಂಬಿದ ಬಲೂನಿನ ಹಾಗೆ ಒಳಗೆ ಅಲುಗುತ್ತದಾ? ಹಾಗಿದ್ದರೆ ಕೀವು ಆಗಿರುವುದೇ ಹೆಚ್ಚು. ಆಳದಲ್ಲಿದ್ದರೆ ಮಾತ್ರ ಕೈಗೆ ಗೊತ್ತಾಗುವುದಿಲ್ಲ, ಅದಕ್ಕೆ ಸ್ಕ್ಯಾನಿಂಗೇ ಬೇಕು. ಕುಮಟೆಯಲ್ಲಿ ಆಗದಿದ್ದರೆ ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಕೀವು ಕಟ್ಟಿದ ಮೇಲೆ ಮಾತ್ರೆಯೊಂದೇ ಸಾಲುವುದಿಲ್ಲ, ಅದನ್ನು ಹೊರಗೆ ತೆಗೆಯಲೇಬೇಕು. ‘ಆಪರೇಷನ್’ ಅಂದ ಕೂಡಲೇ ಮನೆಯವರೆಲ್ಲ ಹೆದರುತ್ತಾರೆ. ಈಗ ಹೆಚ್ಚಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದ ಎಳೆಯುತ್ತಾರೆ. ಎರಡು ಮೂರು ದಿನ ಬಿಟ್ಟು ಮತ್ತೆ ಎಳೆಯಬೇಕಾಗಬಹುದು. ಕೀವಿನ ಗಂಟು 5 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ ಅಥವಾ ಚರ್ಮ ತೆಳುವಾಗಿ ಒಡೆಯುವ ಹಾಗಿದ್ದರೆ ಸಣ್ಣದಾಗಿ ಕೊಯ್ದು ತೆಗೆಯುತ್ತಾರೆ. ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ 10ರಿಂದ 14 ದಿನ. ನೋವು ಹೋಯಿತು ಅಂತ ನಡುವೆ ಬಿಡಬೇಡಿ.

ಇನ್ನು ಹಾಲಿನ ಮಾತು. ಅದು ಕೆಟ್ಟ ಹಾಲಲ್ಲ. ಎಡಗಡೆ ಧಾರಾಳವಾಗಿ ಕುಡಿಸಿ. ತಂಗಿಗೆ ತಡೆದುಕೊಳ್ಳಲು ಆಗುವುದಾದರೆ ಬಲಗಡೆಯೂ ಕುಡಿಸಬಹುದು. ತೊಟ್ಟಿನಿಂದಲೇ ಕೀವು ಬರುತ್ತಿದ್ದರೆ ಅಥವಾ ಗಾಯಕ್ಕೆ ಮಗುವಿನ ಬಾಯಿ ತಾಗುವ ಹಾಗಿದ್ದರೆ ಮಾತ್ರ, ಆ ಕಡೆಯ ಹಾಲನ್ನು ಕೈಯಿಂದ ಮೆಲ್ಲಗೆ ಹಿಂಡಿ ಚೆಲ್ಲಿ. ಪೂರ್ತಿ ನಿಲ್ಲಿಸಿದರೆ ಹಾಲು ತುಂಬಿಕೊಂಡು ಬಾವು ಇನ್ನೂ ಏರುತ್ತದೆ. ಉರಿ ಇಳಿಯಲು ತಣ್ಣೀರಿನ ಬಟ್ಟೆ ಇಡಿ.

ಒಂದು ವಿಷಯ ನನಗೆ ತುಂಬಾ ಬೇಸರ ತರಿಸುತ್ತದೆ. ಬಾಣಂತಿ ಕೋಣೆಯಲ್ಲಿ ಎಲ್ಲರೂ ಮಗುವನ್ನು ಕೇಳುತ್ತಾರೆ, ತಾಯಿಯನ್ನು ಕೇಳುವವರು ಕಡಿಮೆ. ಎದೆ ತೋರಿಸಲು ನಾಚಿಕೆಯಿಂದ ಅವಳೂ ಸುಮ್ನೆ ನೋವು ನುಂಗುತ್ತಾಳೆ. ತಂಗಿಗೆ ಮುಜುಗರವಾದರೆ ಲೇಡಿ ಡಾಕ್ಟರ್ ಬೇಕೆಂದು ನೀವೇ ಕೇಳಿ. ಚಳಿ ನಡುಕ, ತಲೆಸುತ್ತು ಬಂದು ಏಳಲಾಗದಿದ್ದರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ.

ಕೀವು ತೆಗೆದ ಮೇಲೂ ಗಂಟು ಉಳಿದರೆ ಮತ್ತೆ ತೋರಿಸಿ. ಕ್ಷಯ, ಅಪರೂಪಕ್ಕೆ ಕ್ಯಾನ್ಸರ್ ಕೂಡ ಹೀಗೇ ಕಾಣಿಸಬಹುದು.

ಹೊರಡುವ ಮುಂಚೆ ಮಗುವಿಗೆ ಒಮ್ಮೆ ಕುಡಿಸಿ. ಮಗುವನ್ನೂ ಕರೆದುಕೊಂಡು ಹೋಗಿ. ಹೆರಿಗೆಯ ಚೀಟಿ, ಇಲ್ಲಿಯವರೆಗೆ ನುಂಗಿದ ಮಾತ್ರೆಗಳ ಹಾಳೆ ಚೀಲದಲ್ಲಿರಲಿ.