ಒಂದು ರೂಪಾಯಿ ಜಾಸ್ತಿ ದುಡಿದರೆ ಎಷ್ಟು ಕಳೆದುಕೊಳ್ಳಬೇಕು?

ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ 200 ಯೂನಿಟ್ ಉಚಿತ ಅಂತ ನಿಗದಿಯಾಗಿದೆ ಎಂದುಕೊಳ್ಳಿ. ದಾವಣಗೆರೆಯ ಏಪ್ರಿಲ್ ಸೆಕೆ. ಕೂಲರ್ ಒಂದು ರಾತ್ರಿ ಜಾಸ್ತಿ ಓಡಿತು, ಮೀಟರ್ 201 ತೋರಿಸಿತು. ಬೆಸ್ಕಾಂನವರು ಆ ಒಂದು ಯೂನಿಟ್‌ಗೆ ಮಾತ್ರ ಬಿಲ್ ಹಾಕುವುದಿಲ್ಲ, ಪೂರ್ತಿ 201ಕ್ಕೂ ಹಾಕುತ್ತಾರೆ. ಸಾವಿರ ರೂಪಾಯಿಗೂ ಮೇಲೆ. ಕೊನೆಯ ಒಂದು ಯೂನಿಟ್‌ಗೆ ನೀವು ಕೊಟ್ಟ ಬೆಲೆ ಅದು.

‘ಬಿಟ್ಟಿ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗ್ತಾರೆ’ ಅನ್ನುವವರಿಗೆ ನಾನು ಕೇಳುವುದು ಒಂದೇ. ದುಡ್ಡನ್ನು ಹೇಗೆ ಕೊಡುತ್ತೀರಿ ಎನ್ನುವುದು ಬಿಡಿ, ಹೇಗೆ ವಾಪಸ್ ಕಿತ್ತುಕೊಳ್ಳುತ್ತೀರಿ?

ಬಿಪಿಎಲ್ ಕಾರ್ಡನ್ನೇ ನೋಡಿ. ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು. 1.19 ಲಕ್ಷ ದುಡಿಯುವವರ ಮನೆಗೆ ಪಡಿತರದ ಅಕ್ಕಿ ಬರುತ್ತದೆ, ಆಸ್ಪತ್ರೆಗೆ ಸೇರಿದರೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. 1.21 ಲಕ್ಷ ದುಡಿದವರಿಗೆ ಉಚಿತ ಅಕ್ಕಿ ಇಲ್ಲ, ಚಿಕಿತ್ಸೆಯಲ್ಲೂ ಸರ್ಕಾರದ ಪಾಲು ಶೇ 30 ಮಾತ್ರ. ಆ ಎರಡು ಸಾವಿರ ದುಡಿಯದೇ ಇರುವುದು ಸೋಮಾರಿತನವೋ, ಲೆಕ್ಕ ಗೊತ್ತಿರುವ ಬುದ್ಧಿಯೋ? ಚಿತ್ರದುರ್ಗದ ಕೋಟೆಯಲ್ಲಿ ಮೆಟ್ಟಿಲಿರುವ ಕಡೆ ಮಕ್ಕಳೂ ಮುದುಕರೂ ಹತ್ತುತ್ತಾರೆ. ನೆಟ್ಟಗೆ ನಿಂತ ಬಂಡೆಯನ್ನು ಬರಿಗೈಯಲ್ಲಿ ಹತ್ತಲು ‘ಕೋತಿರಾಜ್’ ಎಂದೇ ಹೆಸರಾದ ಸಾಹಸಿ ಜ್ಯೋತಿರಾಜ್ ಅವರೇ ಬೇಕು. ನಮ್ಮ ಯೋಜನೆಗಳು ಬಡವರ ಮುಂದೆ ಬಂಡೆ ನಿಲ್ಲಿಸಿ, ಹತ್ತಲಿಲ್ಲ ಅಂತ ಬಯ್ಯುತ್ತವೆ.

ಇದನ್ನು ತಪ್ಪಿಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹೊಸ ಪದ್ಧತಿಯ ಆದಾಯ ತೆರಿಗೆಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. 12.10 ಲಕ್ಷ ಆದರೆ? ಸ್ಲ್ಯಾಬ್ ಪ್ರಕಾರ 61,500 ರೂಪಾಯಿ ಕಟ್ಟಬೇಕು. ಹತ್ತು ಸಾವಿರ ಜಾಸ್ತಿ ದುಡಿದು ಅರವತ್ತು ಸಾವಿರ ಕಟ್ಟುವುದು ಅನ್ಯಾಯ ಅಂತ ಕಾನೂನೇ ಒಪ್ಪಿ, ಸೆಸ್ ಬಿಟ್ಟು 10,000ಕ್ಕೆ ನಿಲ್ಲಿಸುತ್ತದೆ. ಹನ್ನೆರಡು ಲಕ್ಷದವರಿಗೆ ಇರುವ ಈ ಮರ್ಯಾದೆ ಒಂದು ಲಕ್ಷದವರಿಗೆ ಯಾಕಿಲ್ಲ?

ಇಲ್ಲಿ ಸ್ವಲ್ಪ ಇತಿಹಾಸ ಹೇಳದೆ ಇರಲಾರೆ. 1795ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ, ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿನ ಪೆಲಿಕನ್ ಇನ್‌ನಲ್ಲಿ ನ್ಯಾಯಾಧಿಕಾರಿಗಳು ಸೇರಿದರು. ಬ್ರೆಡ್ ಬೆಲೆ ಏರಿತ್ತು. ಬ್ರೆಡ್ಡಿನ ಬೆಲೆ ಮತ್ತು ಮನೆಯ ತಲೆಗಳ ಲೆಕ್ಕಕ್ಕೆ ಒಂದು ಮಟ್ಟ ಗೊತ್ತು ಮಾಡಿ, ಕೂಲಿ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು ಊರ ತೆರಿಗೆಯಿಂದ ತುಂಬಿಕೊಡುವುದು ಎಂದು ತೀರ್ಮಾನಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಕೂಲಿ ಒಂದು ಪೆನ್ನಿ ಏರಿದರೆ ನೆರವು ಒಂದು ಪೆನ್ನಿ ಕಡಿತ. ದುಡಿದವನ ಕೈಗೆ ಸೊನ್ನೆ. ಕೂಲಿ ಏರಿಸಲು ಜಮೀನ್ದಾರನಿಗೂ ಆತುರವಿಲ್ಲ. ಕೊನೆಗೆ ನೆರವೇ ಜನರನ್ನು ಕೆಡಿಸಿತು ಅಂತ ಒಂದು ಆಯೋಗ ವರದಿ ಬರೆಯಿತು, 1834ರಲ್ಲಿ ಕಠಿಣ ಕಾನೂನು ಬಂತು. ಆ ವರದಿಯ ಆಧಾರವೇ ಟೊಳ್ಳು ಅಂತ ಮಾರ್ಕ್ ಬ್ಲಾಗ್ ಎಂಬ ಅರ್ಥಶಾಸ್ತ್ರಜ್ಞ 1963ರಲ್ಲಿ ತೋರಿಸಿದರು. ಅಷ್ಟರಲ್ಲಿ ಸೋಮಾರಿ ಬಡವನ ಕಥೆ ಲೋಕವೆಲ್ಲ ಸುತ್ತಿ ಬಂದಿತ್ತು.

ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 2011–12ರಲ್ಲಿ ‘ಸೇವಾ’ ಸಂಘಟನೆ ಯಾವ ಷರತ್ತೂ ಇಲ್ಲದೆ ಪ್ರತಿಯೊಬ್ಬರಿಗೂ ತಿಂಗಳ ಹಣ ಕೊಟ್ಟು ನೋಡಿತು. ದೊಡ್ಡವರಿಗೆ ಮೊದಲು 200, ಆಮೇಲೆ 300 ರೂಪಾಯಿ. ಜನ ಮಲಗಲಿಲ್ಲ. ಬೇರೆಯವರ ಹೊಲದ ಕೂಲಿ ಬಿಟ್ಟು ತಮ್ಮದೇ ಹೊಲದಲ್ಲಿ ಜಾಸ್ತಿ ದುಡಿದರು, ಜಾನುವಾರು ಕೊಂಡರು.

ಹಾಗಾದರೆ ಎಲ್ಲರಿಗೂ ಸಮನಾಗಿ ಕೊಡಬೇಕೋ, ಆದಾಯ ಏರಿದಂತೆ ನಿಧಾನಕ್ಕೆ ಇಳಿಸಬೇಕೋ? ನನಗೆ ಖುಷಿ ಕೊಡುವ ಲೆಕ್ಕ ಇಲ್ಲಿದೆ. ಎಲ್ಲರಿಗೂ ತಿಂಗಳಿಗೆ 2,000 ಕೊಡಿ, ದುಡಿದ ಪ್ರತಿ ರೂಪಾಯಿಗೆ 25 ಪೈಸೆ ತೆರಿಗೆ ಹಾಕಿ. 4,000 ದುಡಿದವರಿಗೆ ನಿವ್ವಳ ಸಿಗುವುದು 1,000. 8,000 ದುಡಿದವರಿಗೆ ಸೊನ್ನೆ. ಈಗ ಇನ್ನೊಂದು ದಾರಿ. ಆದಾಯ ಇಲ್ಲದವರಿಗೆ 2,000, ದುಡಿದ ಪ್ರತಿ ರೂಪಾಯಿಗೆ ನೆರವಿನಲ್ಲಿ 25 ಪೈಸೆ ಕಡಿತ. 4,000 ದುಡಿದವರಿಗೆ 1,000, 8,000 ದುಡಿದವರಿಗೆ ಸೊನ್ನೆ. ಎರಡೂ ಒಂದೇ! ಎಂಟು ಸಾವಿರದ ಮೇಲೆ ಮೊದಲ ದಾರಿಯಲ್ಲಿ ತೆರಿಗೆ ಮುಂದುವರಿಯುತ್ತದೆ, ನಿಜ. ಎರಡನೆಯದಕ್ಕೂ ದುಡ್ಡು ಎಲ್ಲಿಂದಲೋ ಬರಲೇಬೇಕು ಅಲ್ವಾ? ಟಿವಿ ಚರ್ಚೆಗಳಲ್ಲಿ ಶತ್ರುಗಳಂತೆ ಕೂರಿಸುವ ಎರಡು ವಿಚಾರಗಳ ನಡುವೆ ಇರುವ ಅಂತರ ಇಷ್ಟೇ.

ಕಾಗದದ ಮೇಲೆ ಇಷ್ಟೇ. ಊರಿಗೆ ಬಂದರೆ ಬೇರೆ. ಇಳಿಯುವ ನೆರವಿಗೆ ತಿಂಗಳ ಆದಾಯ ಗೊತ್ತಿರಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಯವರ ತಿಂಗಳ ಆದಾಯ ಎಷ್ಟು? ಮಳೆ ಹಿಡಿದರೆ ಭತ್ತ ಒಣಗುವುದಿಲ್ಲ, ಕೆಲಸವೂ ಇಲ್ಲ. ಎಪಿಎಂಸಿಯ ಹಮಾಲರಿಗೆ ಮೆಕ್ಕೆಜೋಳ ಬಂದಾಗ ಒಂದು ಲೆಕ್ಕ, ಬೇಸಿಗೆಯಲ್ಲಿ ಇನ್ನೊಂದು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಅಂದಾಜಿನ ಮೇಲೆ ನಿಂತ ಕಾಗದ. ಪೈಸೆ ಲೆಕ್ಕದಲ್ಲಿ ಇಳಿಸಲು ಅಳತೆಗೋಲು ಇಲ್ಲದಾಗ ಸರ್ಕಾರ ಒಂದು ಗೆರೆ ಎಳೆಯುತ್ತದೆ. ಬಂಡೆ ಹುಟ್ಟುವುದು ಹೀಗೆ.

ಅಳೆಯಲಾಗದ ಕಡೆ ಎಲ್ಲರಿಗೂ ಕೊಡುವುದೇ ಸರಳ ಅಂತ ನನ್ನ ಅನಿಸಿಕೆ. ದುಬಾರಿ, ಹೌದು. 140 ಕೋಟಿ ಜನಕ್ಕೆ ತಿಂಗಳಿಗೆ ಸಾವಿರ ಅಂದರೂ ವರ್ಷಕ್ಕೆ 16.8 ಲಕ್ಷ ಕೋಟಿ. 2025–26ರ ಕೇಂದ್ರ ಬಜೆಟ್ಟಿನ ಒಟ್ಟು ಖರ್ಚೇ ಸುಮಾರು 50 ಲಕ್ಷ ಕೋಟಿ. 2016–17ರ ಆರ್ಥಿಕ ಸಮೀಕ್ಷೆ ಇದಕ್ಕೇ ಮೊದಲು ಮಹಿಳೆಯರಿಂದ ಶುರು ಮಾಡುವ ದಾರಿಯನ್ನೂ ಮುಂದಿಟ್ಟಿತ್ತು. ನಮ್ಮ ಗೃಹಲಕ್ಷ್ಮಿ ಅದರ ಹತ್ತಿರ ಬಂದಿದೆ. ಅದರಲ್ಲೂ ಗೆರೆಗಳು ಉಳಿದಿವೆ, ಒಂದನ್ನು ನೋಡಿ. ಯಜಮಾನಿ ಅಥವಾ ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ತಿಂಗಳ 2,000 ಇಲ್ಲ. ರಿಟರ್ನ್ ಹೇಳುವುದು ವಹಿವಾಟನ್ನು, ಲಾಭವನ್ನಲ್ಲ. ಚಿಕ್ಕ ಕಿರಾಣಿ ಅಂಗಡಿಯವರು ಪ್ರಾಮಾಣಿಕವಾಗಿ ನೋಂದಣಿ ಮಾಡಿಸಿದರೆ ಮನೆಗೆ ವರ್ಷಕ್ಕೆ 24,000 ಖೋತಾ. ಮೊದಲು ತೆಗೆಯಬೇಕಾದದ್ದು ಈ ಗೆರೆಯನ್ನು. ಅದಕ್ಕೆ ಯಾವ ಹೊಸ ಯೋಜನೆಯೂ ಬೇಕಿಲ್ಲ, ಒಂದು ಆದೇಶ ಸಾಕು.