ಕರಾಚಿಗೆ ಹೋಗಿದ್ದು ಚೌಕ ಡಬ್ಬಾ, ಉರುಟು ಕೊಳವೆ ಅಲ್ಲ

ಪ್ರತಿ ಡಿಸೆಂಬರ್ 4 ಬಂತು ಅಂದ್ರೆ, ನೌಕಾಪಡೆ ದಿನ ಅಲ್ವಾ, ನನ್ನ ವಾಟ್ಸಾಪ್‌ಗೆ ಒಂದೇ ಫೋಟೋ ಏಳೆಂಟು ಕಡೆಯಿಂದ ಬಂದು ಬೀಳುತ್ತೆ. ಕಪ್ಪುಬಿಳುಪು, ಅಂಚೆಲ್ಲ ಹಳದಿ, ಸಣ್ಣ ಬೋಟೊಂದರಿಂದ ಕ್ಷಿಪಣಿ ಹೊಗೆ ಉಗುಳ್ಕೊಂಡು ಹಾರ್ತಿದೆ, ಕೆಳಗೆ '1971, ಕರಾಚಿ ಮೇಲೆ ದಾಳಿ'. ಸಮುದ್ರದ ಮೇಲೆ ಬಿಸಿಲು ಹೊಳೀತಿದೆ ಮಾರಾಯ್ರೇ! ಆ ದಾಳಿ ನಡೆದಿದ್ದು ರಾತ್ರಿ. ಅಲ್ಲಿಗೇ ಫೋಟೋ ಕಥೆ ಮುಗೀತು, ಆದ್ರೆ ನಂಗೆ ತಲೆ ಕೆಡೋದು ಬಿಸಿಲಿಗಲ್ಲ, ಬೋಟಿನ ಬೆನ್ನ ಮೇಲೆ ಕ್ಷಿಪಣಿ ಇಡೋ ನಾಲ್ಕು ಕೊಳವೆ ನೋಡಿ.

ಅವು ಉರುಟು. 1971ರಲ್ಲಿ ನಮ್ಮ ಹತ್ರ ಉರುಟು ಕೊಳವೆಯ ಕ್ಷಿಪಣಿ ಬೋಟೇ ಇರ್ಲಿಲ್ಲ.

ಫೋಟೋದಲ್ಲಿರೋದೂ, ಆಗ ನಮ್ಮ ಹತ್ರ ಇದ್ದವೂ ಸೋವಿಯತ್ ಓಸಾ ಬೋಟುಗಳೇ, ಓಸಾ ಅಂದ್ರೆ ರಷ್ಯನ್‌ನಲ್ಲಿ ಕಣಜದ ಹುಳ. ಅದರ ಕೊಂಡಿ ಪಿ-15 ಕ್ಷಿಪಣಿ, ಹೆಚ್ಚುಕಮ್ಮಿ ಪೈಲಟ್ ಇಲ್ಲದ ಪುಟಾಣಿ ವಿಮಾನ. ಮೈ ದಪ್ಪ ಮುಕ್ಕಾಲು ಮೀಟರ್ ಅಷ್ಟೇ, ರೆಕ್ಕೆ ಸೇರಿದ್ರೆ ಅಗಲ ಸುಮಾರು 2.4 ಮೀಟರ್. ಮೊದಲ ಮಾದರೀಲಿ ಆ ರೆಕ್ಕೆ ಮಡಚೋ ಹಾಗೇ ಇರ್ಲಿಲ್ಲ, ಹಾಗಾಗಿ ಗ್ಯಾರೇಜಿನ ಥರ ಚೌಕ ಡಬ್ಬಾ ಬೇಕಾಯ್ತು. ಅಜ್ಜನ ಕೊಡೇನ ಬಿಚ್ಚಿದ ಹಾಗೇ ಬೀರುವಲ್ಲಿ ಇಡಿ ಅಂದ್ರೆ ಎಷ್ಟು ದೊಡ್ಡ ಬೀರು ಬೇಕು ಹೇಳಿ? ಆಮೇಲೆ ಬಂದ ಪಿ-15ಯು ಬಟನ್ ಕೊಡೆ ಇದ್ದ ಹಾಗೆ, ಒಳಗಿರೋವಾಗ ರೆಕ್ಕೆ ಮಡಚ್ಕೊಂಡಿರುತ್ತೆ, ಆಚೆ ಬಂದ ಕೂಡ್ಲೇ ತಾನಾಗೇ ಬಿಚ್ಕೊಳ್ಳುತ್ತೆ. ಮದುವೆ ಮನೆ ಕುರ್ಚಿ ನೆನಪಿಸ್ಕೊಳ್ಳಿ, ಹಾಕಿದ್ರೆ ಇಡೀ ಹಾಲ್ ಬೇಕು, ಮಡಚಿ ಒರಗಿಸಿದ್ರೆ ಒಂದು ಮೂಲೆ ಸಾಕು. ರೆಕ್ಕೆ ಮೈಗಂಟಿದ್ಮೇಲೆ ಡಬ್ಬಾ ಯಾಕೆ, ಕೊಳವೆ ಸಾಕು. ಡಬ್ಬಾ ಇದ್ರೆ ಓಸಾ-1, ಕೊಳವೆ ಇದ್ರೆ ಓಸಾ-2, ಇಷ್ಟೇ.

ಕಾರವಾರದ ಟಾಗೋರ್ ಬೀಚಲ್ಲಿ ನಿಂತಿರೋ ಚಪಲ್ ಯುದ್ಧನೌಕೆ ಓಸಾ-2. ಹೋದ ಸಲ ಅಲ್ಲಿ ಒಬ್ರು ತಂದೆ ಮಗನಿಗೆ 'ಕರಾಚಿ ಸುಟ್ಟಿದ್ದು ಇದೇ ಕಣೋ' ಅಂತಿದ್ರು. ಅದು ನೌಕಾಪಡೆ ಸೇರಿದ್ದೇ 1976ರಲ್ಲಿ, ಹುಡುಗನ ಮುಖ ನೋಡಿ ನಾನು ಬಾಯಿ ಮುಚ್ಕೊಂಡೆ.

ಕರಾಚಿಗೆ ಹೋಗಿದ್ದು ನಿಪಾತ್, ನಿರ್ಘಾತ್, ವೀರ್, ಮೂರೂ ಡಬ್ಬಾದವು. ರಷ್ಯಾದಿಂದ ಹಡಗಿನ ಮೇಲೆ ಹೇರಿ ತಂದಾಗ ಮುಂಬೈಲಿ ಅಷ್ಟು ಭಾರ ಎತ್ತೋ ಕ್ರೇನ್ ಇರ್ಲಿಲ್ಲ, ಕೋಲ್ಕತ್ತಾದಲ್ಲಿ ಇಳಿಸಿ ಅಲ್ಲಿಂದ ಮುಂಬೈಗೆ ಎಳ್ಕೊಂಡು ಬಂದ್ರು. 1967ರಲ್ಲಿ ಇದೇ ಪಿ-15ರಿಂದ ಈಜಿಪ್ಟಿನ ಪುಟ್ಟ ಬೋಟುಗಳು ಇಸ್ರೇಲಿನ ಐಲಾತ್ ಹಡಗನ್ನ ಮುಳುಗಿಸಿ ನೌಕಾ ಜಗತ್ತಿನ ನಿದ್ದೆ ಕೆಡಿಸಿದ್ವು. ಅಷ್ಟಾದ್ರೂ, ನಾಲ್ಕು ವರ್ಷ ಆದ್ಮೇಲೆ ಪಾಕಿಸ್ತಾನದ ಖೈಬರ್ ಹಡಗಿಗೆ ನಿರ್ಘಾತ್ ಬಿಟ್ಟ ಕ್ಷಿಪಣಿ ಹೊಡೆದಾಗ ಅವ್ರು ವೈರ್‌ಲೆಸ್‌ನಲ್ಲಿ ಕಳ್ಸಿದ್ದು ಶತ್ರು ವಿಮಾನ ದಾಳಿ ಮಾಡಿದೆ ಅಂತ! ಏಟು ತಿಂದವರಿಗೇ ಗುರುತು ಹತ್ತಿರ್ಲಿಲ್ಲ, ಫಾರ್ವರ್ಡ್ ಮಾಡೋರಿಗೆ ಏನು ಹೇಳೋದು.

ಹಾಗಂತ ಡಬ್ಬಾ ಕಂಡಿದ್ದೆಲ್ಲ ನಮ್ದೇ ಅನ್ನೋ ಹಾಗೂ ಇಲ್ಲ. ಓಸಾ ಬೋಟುಗಳು ಪೂರ್ವ ಜರ್ಮನಿಗೂ ಹೋಗಿದ್ವು, ಈಜಿಪ್ಟಿಗೂ ಹೋಗಿದ್ವು. ಹೋದ ಡಿಸೆಂಬರಲ್ಲಿ ಚೌಕ ಡಬ್ಬಾ ಇರೋ ಫೋಟೋ ಒಂದು ಬಂತು, ಅಬ್ಬಾ ಕೊನೆಗೂ ಸರಿಯಾದ್ದು ಸಿಕ್ತು ಅಂತ ಜೂಮ್ ಮಾಡಿದೆ. ಡೆಕ್ ಮೇಲೆ ಒಬ್ಬ ನಾವಿಕ ನಿಂತಿದ್ದ, ಟೋಪಿ ಹಿಂದೆ ಎರಡು ಉದ್ದ ರಿಬ್ಬನ್ ಗಾಳಿಗೆ ಹಾರ್ತಿತ್ತು. ನಮ್ಮ ನೌಕಾಪಡೆ ಟೋಪಿಗೆ ಆ ಬಾಲ ಇಲ್ಲ.