ಟ್ರೇಲರ್ ಟೈರಿನ ಲೇಬಲ್ ನೋಡಿ ಕೊಂಡರೆ ಡೀಸೆಲ್ ಉಳಿಯುತ್ತಾ?

ಪ್ರಶ್ನೆ: ನಮ್ಮದು 22 ಚಕ್ರದ ಟ್ರೇಲರ್ ಗಾಡಿ. ಹುಬ್ಬಳ್ಳಿ–ಬೆಂಗಳೂರು ಓಡುತ್ತೆ, ಆಗಾಗ ಮಂಗಳೂರು ಬಂದರಿಗೂ ಹೋಗುತ್ತೆ. ಹಿಂದಿನ 12 ಟೈರ್ ಬದಲಿಸಬೇಕು. ಅಂಗಡಿಯವರು ಸ್ಟಾರ್ ಇರೋ ಲೇಬಲ್ ತೋರಿಸಿ, ‘ಇದು ಡೀಸೆಲ್ ಉಳಿಸುತ್ತೆ, ರೇಟ್ ಸ್ವಲ್ಪ ಜಾಸ್ತಿ’ ಅಂತಾರೆ. ಎಂಜಿನ್ ಇರೋದು ಮುಂದೆ. ಟ್ರೇಲರ್ ಸುಮ್ನೆ ಹಿಂದೆ ಬರುತ್ತೆ. ಅದಕ್ಕೆ ಯಾವ ಟೈರ್ ಹಾಕಿದರೇನು?

ಉತ್ತರ: ಸುಮ್ನೆ ಬರುವುದಿಲ್ಲ ಸ್ವಾಮಿ, ಎಳೆದುಕೊಂಡು ಬರಬೇಕು.

ನಿಮ್ಮ ಗಾಡಿಯ ಲೆಕ್ಕವನ್ನೇ ಹಿಡಿಯೋಣ. 2018ರಲ್ಲಿ ಆಕ್ಸಲ್ ಭಾರದ ಮಿತಿ ಏರಿಸಿದ ಮೇಲೆ ಸ್ಟೇರಿಂಗ್ ಆಕ್ಸಲ್‌ಗೆ 7 ಟನ್, ಅದರ ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್, ಟ್ರೇಲರ್‌ನ ಮೂರು ಆಕ್ಸಲ್‌ಗೆ 27 ಟನ್. ಒಟ್ಟು 55. ಹೆಚ್ಚುಕಡಿಮೆ ಅರ್ಧ ಭಾರ ಆ 12 ಟೈರ್‌ಗಳ ಮೇಲೆಯೇ ಕೂತಿದೆ.

ಟೈರ್ ನೆಲ ಮುಟ್ಟುವ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಒಂದು ಉರುಳು ಮುಂದೆ ಹೋದಾಗ ಆ ಭಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಅಮುಕಿಸಿಕೊಂಡು ಬಿಡಿಸಿಕೊಳ್ಳುವಾಗ ರಬ್ಬರ್ ತಾನು ತೆಗೆದುಕೊಂಡ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ. ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಚಿತ್ರದುರ್ಗ ದಾಟಿ ಢಾಬಾ ಮುಂದೆ ನಿಲ್ಲಿಸಿದಾಗ ಟೈರಿನ ಮೇಲೆ ಕೈ ಇಟ್ಟು ನೋಡಿ. ಬಿಸಿಲಿಗೆ ಕಾದಿದೆ ಅನ್ನಿಸಿದರೆ ರಾತ್ರಿ ಟ್ರಿಪ್ಪಿನಲ್ಲಿ ಇಟ್ಟು ನೋಡಿ. ಆ ಕಾವಿಗೆ ಸುಟ್ಟದ್ದು ನಿಮ್ಮದೇ ಡೀಸೆಲ್.

ಇದಕ್ಕೆ ರೋಲಿಂಗ್ ರೆಸಿಸ್ಟೆನ್ಸ್ ಅನ್ನುತ್ತಾರೆ. ನಾವು ಉರುಳು ತಡೆ ಅನ್ನೋಣ. ಒಂದು ಟನ್ ಭಾರಕ್ಕೆ ಎಷ್ಟು ಕೆ.ಜಿ. ತಡೆ ಅನ್ನುವುದೇ ಅದರ ಅಳತೆ. ಲೇಬಲ್ ಹೇಳುವುದು ಮುಖ್ಯವಾಗಿ ಇದನ್ನೇ.

ನಮ್ಮಲ್ಲಿ ಎರಡು ವಿಷಯ ಬೇರೆ ಬೇರೆ ಇವೆ, ಕಲಸಿಕೊಳ್ಳಬೇಡಿ. 2022ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಐಎಸ್-142 ಅನ್ನುವ ಮಾನದಂಡವನ್ನು ಕಡ್ಡಾಯ ಮಾಡುವ ಅಧಿಸೂಚನೆ ಹೊರಡಿಸಿತು. ಕಾರು, ಲಾರಿ, ಬಸ್ಸಿನ ಟೈರ್‌ಗಳಿಗೆ ಉರುಳು ತಡೆ, ಒದ್ದೆ ರಸ್ತೆಯ ಹಿಡಿತ, ಓಡುವಾಗಿನ ಸದ್ದು ಮೂರಕ್ಕೂ ಮಿತಿ ಇಟ್ಟಿತು. ಇದು ಪಾಸ್ ಮಾರ್ಕ್ ಇದ್ದ ಹಾಗೆ. ಫ್ರಿಜ್, ಎಸಿ ಮೇಲೆ ಸ್ಟಾರ್ ಅಂಟಿಸುವ ಬಿಇಇ ಅನ್ನುವ ಕೇಂದ್ರದ ಸಂಸ್ಥೆ ಟೈರಿಗೂ ಸ್ಟಾರ್ ತಂದಿದೆಯಲ್ಲ, ಅದು ರ‍್ಯಾಂಕ್. ಒಂದರಿಂದ ಐದು. ಸ್ಟಾರ್ ಜಾಸ್ತಿ ಅಂದರೆ ಉರುಳು ತಡೆ ಕಡಿಮೆ.

ಹೊರಗಿನಿಂದ ಬಂದ ಟೈರ್ ಆದರೆ ಯುರೋಪಿನ ಲೇಬಲ್ ಇರಬಹುದು. ಅಲ್ಲಿ 2021ರ ಮೇ 1ರಿಂದ ಲಾರಿ ಟೈರಿಗೂ ಲೇಬಲ್ ಕಡ್ಡಾಯ. ಎ ಇಂದ ಇ ವರೆಗೆ ಐದು ದರ್ಜೆ. ಲಾರಿ ಟೈರಿನಲ್ಲಿ ಎ ಅಂದರೆ ಟನ್‌ಗೆ 4 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ. ಬಿ ಅಂದರೆ 5ರವರೆಗೆ, ಸಿ 6ರವರೆಗೆ, ಡಿ 7ರವರೆಗೆ. ಅದರಾಚೆ ಇ. ಪಕ್ಕದಲ್ಲಿ ಮಳೆ ಮೋಡದ ಚಿತ್ರ ಇರುತ್ತದೆ, ಅದು ಒದ್ದೆ ಹಿಡಿತದ ದರ್ಜೆ. ಕೆಳಗೆ ಸದ್ದಿನ ಡೆಸಿಬಲ್. ಹಿಮದ ಗುರುತೂ ಇರಬಹುದು. ಹುಬ್ಬಳ್ಳಿಯಲ್ಲಿ ಅದನ್ನು ಕಟ್ಟಿಕೊಂಡು ಏನಾಗಬೇಕು!

ಈಗ ದುಡ್ಡಿನ ಮಾತು. ಟನ್‌ಗೆ 6 ಕೆ.ಜಿ. ತಡೆಯ ಟೈರ್ ತೆಗೆದು 5ರದ್ದು ಹಾಕಿದಿರಿ ಅಂತಿಟ್ಟುಕೊಳ್ಳಿ. 27 ಟನ್ ಮೇಲೆ 27 ಕೆ.ಜಿ. ಎಳೆತ ಕಡಿಮೆಯಾಯಿತು. ಅಷ್ಟೇನಾ ಅನ್ನಬೇಡಿ. ಒಂದು ಅಕ್ಕಿ ಮೂಟೆಯನ್ನು ರಾಟೆ ಹಗ್ಗಕ್ಕೆ ಕಟ್ಟಿ ಬಾವಿಯಿಂದ ಎಳೆಯುವಷ್ಟು ಜೋರು ಅದು. ಹುಬ್ಬಳ್ಳಿಯಿಂದ ಬೆಂಗಳೂರಿನ ತನಕ, 400 ಕಿ.ಮೀ. ಉದ್ದಕ್ಕೂ ಕೈ ಬಿಡದೆ ಎಳೆಯಬೇಕು. ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟುವುದು ಶೇ 40ರ ಆಸುಪಾಸು. ಆ ಲೆಕ್ಕದಲ್ಲಿ ಫುಲ್ ಲೋಡ್, ಸಮತಟ್ಟು ರಸ್ತೆಯಲ್ಲಿ 100 ಕಿ.ಮೀ.ಗೆ ಹತ್ತಿರ ಹತ್ತಿರ 2 ಲೀಟರ್ ಉಳಿಯಬೇಕು.

ಇದು ಕಾಗದದ ಲೆಕ್ಕ. ಎಂಪ್ಟಿ ವಾಪಸ್ ಬರುವಾಗ ಭಾರವೇ ಇಲ್ಲ, ಉಳಿತಾಯವೂ ಅಷ್ಟಕ್ಕಷ್ಟೇ. ಟೋಲ್‌ನಲ್ಲಿ, ಊರೊಳಗೆ, ಘಾಟ್ ಇಳಿಯುವಾಗ ಬ್ರೇಕ್ ತಿಂದುಬಿಡುವ ಶಕ್ತಿಯನ್ನು ಯಾವ ಟೈರೂ ಉಳಿಸಿಕೊಡುವುದಿಲ್ಲ. ಲೇಬಲ್‌ನ ಪರೀಕ್ಷೆ ನಡೆಯುವುದೂ ಪ್ರಯೋಗಾಲಯದ ಉಕ್ಕಿನ ಡ್ರಮ್ ಮೇಲೆ, 25 ಡಿಗ್ರಿಯ ಲೆಕ್ಕಕ್ಕೆ. ನಾನಾದರೆ ಅರ್ಧಕ್ಕಿಳಿಸಿ 1 ಲೀಟರ್ ಅಂತ ಹಿಡಿಯುತ್ತೇನೆ. ಗಾಡಿ ವರ್ಷಕ್ಕೆ 80,000 ಕಿ.ಮೀ. ಓಡಿದರೆ 800 ಲೀಟರ್. ಲೀಟರ್‌ಗೆ 90 ರೂಪಾಯಿ ಅಂದರೂ 72,000 ರೂಪಾಯಿ. 12 ಟೈರಿಗೆ ಹಂಚಿದರೆ ಒಂದೊಂದಕ್ಕೆ 6,000. ಅಂಗಡಿಯವರು ಕೇಳುವ ‘ಸ್ವಲ್ಪ ಜಾಸ್ತಿ’ ಇದಕ್ಕಿಂತ ಕಡಿಮೆ ಇದ್ದರೆ ವರ್ಷದೊಳಗೆ ದುಡ್ಡು ವಾಪಸ್. ಆದರೆ ಎರಡು ಟೈರ್‌ಗಳ ನಡುವೆ ನಿಜಕ್ಕೂ 1 ಕೆ.ಜಿ. ವ್ಯತ್ಯಾಸ ಇದೆಯೋ ಇಲ್ಲವೋ ಅಂತ ಮೊದಲು ಸಂಖ್ಯೆ ಕೇಳಿ. ಬರೀ ‘ಮೈಲೇಜ್ ಟೈರ್’ ಅಂದರೆ ಒಪ್ಪಬೇಡಿ. ನಮ್ಮ ಕಡೆ ಮೈಲೇಜ್ ಅಂದರೆ ಟೈರ್ ಎಷ್ಟು ಕಿ.ಮೀ. ಬಾಳುತ್ತದೆ ಅನ್ನುವುದೂ ಹೌದು, ಡೀಸೆಲ್ ಲೆಕ್ಕವೂ ಹೌದು. ಗೊಂದಲ ಶುರುವಾಗುವುದೇ ಅಲ್ಲಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಟೈರ್ ಹಾಕಿದ ವಾರದಲ್ಲೇ ‘ಮುಂಚೆಗಿಂತ ಜಾಸ್ತಿ ಡೀಸೆಲ್ ಕುಡಿಯುತ್ತಿದೆ’ ಅಂತ ಡ್ರೈವರ್ ದೂರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಬಟನ್ (ನೆಲ ಮುಟ್ಟುವ ಹೊರಪದರದ ಉಬ್ಬು) ಸವೆದ ಟೈರಿನಲ್ಲಿ ರಬ್ಬರ್ ಕಡಿಮೆ, ಹಾಗಾಗಿ ಉರುಳು ತಡೆಯೂ ಕಡಿಮೆ. ಸವೆದ ಹಳೆಯದಕ್ಕೂ ದಪ್ಪ ಬಟನ್ನಿನ ಹೊಸದಕ್ಕೂ ಹೋಲಿಸಿದರೆ ಹಳೆಯದೇ ಗೆಲ್ಲಬಹುದು. ಹೋಲಿಸುವುದಾದರೆ ಹೊಸದಕ್ಕೆ ಹೊಸದನ್ನೇ ಹೋಲಿಸಿ. ಲೇಬಲ್ ಕೂಡ ಹೊಸ ಟೈರಿನದ್ದೇ. ರೀಸೋಲ್ ಮಾಡಿಸಿದರೆ, ಅಂದರೆ ಸವೆದ ಟೈರಿಗೆ ಹೊಸ ಬಟನ್ ಕೂರಿಸಿದರೆ, ಆ ಕೂರಿಸಿದ ರಬ್ಬರ್ ಯಾವುದೋ ಅದರ ಮೇಲೆ ಲೆಕ್ಕ.

ಟೈರ್ ಎಷ್ಟು ದಿನ ಬಾಳುತ್ತದೆ ಅಂತ ಸ್ಟಾರ್ ಹೇಳುವುದಿಲ್ಲ. ಟ್ರೇಲರ್‌ಗೆ ಇದು ದೊಡ್ಡ ವಿಷಯ. ಗೋದಾಮಿನ ಅಂಗಳದಲ್ಲಿ ಮೂರು ಆಕ್ಸಲ್ ಟ್ರೇಲರ್ ಪೂರ್ತಿ ಕಟ್ ಹೊಡೆದು ತಿರುಗುವುದನ್ನು ನೋಡಿದ್ದೀರಲ್ಲ? ನಡುವಿನ ಆಕ್ಸಲ್ ಇದ್ದಲ್ಲೇ ತಿರುಗುತ್ತದೆ. ಮುಂದಿನ, ಹಿಂದಿನ ಟೈರ್‌ಗಳು ಅಡ್ಡಡ್ಡ ಉಜ್ಜಿಕೊಂಡು ನೆಲದ ಮೇಲೆ ಕಪ್ಪು ಗೀರು ಬಿಡುತ್ತವೆ. ಡೀಸೆಲ್ ಉಳಿಸಲೆಂದೇ ತೆಳು ಬಟನ್ ಕೊಟ್ಟ ಟೈರಿಗೆ ಈ ಉಜ್ಜಾಟ ಆಗಿಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ಇಕ್ಕಟ್ಟಿನ ಯಾರ್ಡ್‌ನಲ್ಲಿ ಸುತ್ತುವ ಗಾಡಿಗೆ, ಗಣಿ ರಸ್ತೆಯ ಗಾಡಿಗೆ ನಾನು ಅದನ್ನು ಹಾಕಿ ಅನ್ನುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ಸಮ ಓಡುವ ನಿಮ್ಮ ಬೆಂಗಳೂರು ಟ್ರಿಪ್ಪಿಗೆ ಅದು ಸರಿ.

ಮಂಗಳೂರಿನದ್ದು ಬೇರೆ ಕತೆ. ಹುಬ್ಬಳ್ಳಿಯಿಂದ ಅರಬೈಲ್ ಘಾಟ್ ಇಳಿದರೂ ಅಷ್ಟೇ, ಬೆಂಗಳೂರಿಂದ ಶಿರಾಡಿ ಇಳಿದರೂ ಅಷ್ಟೇ, ಜುಲೈ ಮಳೆಯಲ್ಲಿ ಮೋಡದ ಪಕ್ಕದ ಅಕ್ಷರವೇ ಮುಖ್ಯ. ಒದ್ದೆ ಇಳಿಜಾರಿನಲ್ಲಿ ಟ್ರೇಲರ್ ಚಕ್ರ ಲಾಕ್ ಆಗಿ ಜಾರಿದರೆ ಇಡೀ ಟ್ರೇಲರ್ ಅಡ್ಡ ತಿರುಗುತ್ತದೆ. ಮಳೆಗಾಲದಲ್ಲೂ ಆ ಕಡೆ ಲೋಡ್ ಹಿಡಿಯುವುದಾದರೆ, ಉರುಳು ತಡೆಯಲ್ಲಿ ಒಂದು ದರ್ಜೆ ಬಿಟ್ಟುಕೊಟ್ಟಾದರೂ ಒದ್ದೆ ಹಿಡಿತ ಚೆನ್ನಾಗಿರುವುದನ್ನು ತೆಗೆದುಕೊಳ್ಳಿ.

ಇಷ್ಟೆಲ್ಲ ನೋಡಿ ತಂದ ಟೈರಿಗೆ ಗಾಳಿ ಕಡಿಮೆ ಇದ್ದರೆ ಎಲ್ಲ ನೀರುಪಾಲು. ಕಳೆದ ತಿಂಗಳು ನೆಲಮಂಗಲದ ಹತ್ತಿರ ಒಬ್ಬ ಕ್ಲೀನರ್ ಹುಡುಗ ಕಬ್ಬಿಣದ ರಾಡ್ ಹಿಡಿದು ಟೈರ್ ಬಡಿಯುತ್ತಾ ಹೋಗುತ್ತಿದ್ದ. ಠಣ್, ಠಣ್. ಎಲ್ಲ ಸರಿ ಇದೆ ಅಂದ. ಪಂಕ್ಚರ್ ಅಂಗಡಿಯವರ ಗೇಜ್ ಇಸಿದುಕೊಂಡು ನೋಡಿದರೆ ಜೋಡಿ ಟೈರಿನ ಪೈಕಿ ಒಳಗಿನದೊಂದರಲ್ಲಿ ಪಕ್ಕದ್ದಕ್ಕಿಂತ 30 ಪಿಎಸ್ಐ ಕಡಿಮೆ! ಹೊರಗಿನದನ್ನು ಬಡಿದಿದ್ದ, ಒಳಗಿನದಕ್ಕೆ ಕೈ ಎಟುಕಿರಲಿಲ್ಲ. ಒಳ ಟೈರಿನ ವಾಲ್ವ್‌ಗೆ ಎಕ್ಸ್‌ಟೆನ್ಷನ್ ಹಾಕಿಸಿ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ಗೇಜ್ ಹಿಡಿಯಿರಿ.

ಕೊನೆಗೆ ಟೈರಿನ ಪಕ್ಕದ ಗೋಡೆ ಓದಿ. 152/148 ಅಂತ ಇದ್ದರೆ ಒಂಟಿ ಟೈರ್ 3,550 ಕೆ.ಜಿ. ಹೊರುತ್ತದೆ, ಜೋಡಿಯಲ್ಲಿ ಒಂದೊಂದು 3,150. ನಿಮಗೆ ಬೇಕಾದದ್ದು ಟೈರಿಗೆ 2,250, ಧಾರಾಳವಾಯಿತು. 2324 ಅಂತ ನಾಲ್ಕು ಅಂಕಿ ಕಂಡರೆ 2024ರ 23ನೇ ವಾರ ತಯಾರಾದದ್ದು. ಎಫ್‌ಆರ್‌ಟಿ ಅಂತ ಅಚ್ಚಾಗಿದ್ದರೆ ಅದು ಟ್ರೇಲರ್‌ಗೆಂದೇ ಮಾಡಿದ ಟೈರ್. ದಾರಿಯಲ್ಲಿ ಮುಂದಿನದು ಪಂಕ್ಚರ್ ಆಯಿತು ಅಂತ ಅದನ್ನು ಬಿಚ್ಚಿ ಸ್ಟೇರಿಂಗ್‌ಗೆ ಹಾಕಬಾರದು ಅಂತ ಡ್ರೈವರ್‌ಗೂ ಕ್ಲೀನರ್‌ಗೂ ಈಗಲೇ ಹೇಳಿಡಿ.